ಕೊಳೆಯುವುದಕ್ಕೂ ಒಂದು ಹದವಿದೆ

ಅಡಿಕೆ ಕೊಯ್ಲು ಮುಗಿದು ಮಾಘ-ಫಾಲ್ಗುಣಗಳ ಬಿಸಿಲು ಏರುತ್ತಿದ್ದಂತೆ ಮಲೆನಾಡಿನಲ್ಲಿ ಎರಡು ದೃಶ್ಯಗಳು ಪ್ರತಿವರ್ಷವೂ ತಪ್ಪದೆ ಕಾಣಸಿಗುತ್ತವೆ. ಒಂದು, ಬೆಟ್ಟದ ಇಳಿಜಾರಿನಲ್ಲಿ ದರಕಿಗೆ ಬಿದ್ದ ಬೆಂಕಿ ಮತ್ತು ಅದರ ಹೊಗೆ. ಇನ್ನೊಂದು, ರಸ್ತೆಯಂಚಿನಲ್ಲೋ ಹಳ್ಳದ ದಂಡೆಯಲ್ಲೋ ಸುರಿದ ಅಡಿಕೆ ಸಿಪ್ಪೆಯ ರಾಶಿ. ಬೆಂಕಿಯಿಟ್ಟವರನ್ನು ಕೇಳಿದರೆ ‘ದರಕು ಸುಮ್ಮನೆ ಬಿದ್ದಿರುತ್ತದೆ, ಸುಟ್ಟರೆ ಬೂದಿಯಾದರೂ ಆದೀತು’ ಎನ್ನುತ್ತಾರೆ. ಸಿಪ್ಪೆ ಸುರಿದವರನ್ನು ಕೇಳಿದರೆ ‘ಗುಂಡಿಗೆ ಹಾಕಿ ನೋಡಿದ್ದಾಯಿತು, ಮೂರು ವರ್ಷವಾದರೂ ಕೊಳೆಯಲಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಇವರಿಬ್ಬರ ನಡುವೆ ಮೂರನೆಯವರೊಬ್ಬರಿದ್ದಾರೆ. ಅವರು ಪೇಟೆಯಿಂದ ಸೂಕ್ಷ್ಮಜೀವಿಗಳ ಪೊಟ್ಟಣ ತಂದು, ಬೆಲ್ಲದ ನೀರಿನಲ್ಲಿ ಕಲಸಿ, ಗೊಬ್ಬರಗುಂಡಿಗೆ ಸುರಿದು, ಫಲ ಕಾಣದೆ, ವಿಜ್ಞಾನದ ಮೇಲೆಯೇ ಮುನಿಸಿಕೊಂಡವರು.

ಮೂವರೂ ಎಡವುತ್ತಿರುವುದು ಒಂದೇ ಕಡೆ. ಕೊಳೆಯುವುದು ತಾನಾಗಿ ಆಗುವ ಸಂಗತಿಯೆಂದು ಮೂವರೂ ತಿಳಿದಿದ್ದಾರೆ. ಆದರೆ ಅದು ಕಣ್ಣಿಗೆ ಕಾಣದ ಜೀವಿಗಳು ಮಾಡುವ ಕೆಲಸ. ಆ ಕೆಲಸಕ್ಕೆ ಅವು ಬಳಸುವ ಸಲಕರಣೆಗಳೇ ಕಿಣ್ವಗಳು. ಕಿಣ್ವಗಳಿಗೆ ಹುಳಿಯ ಒಂದು ಹದವೂ ಬಿಸಿಯ ಒಂದು ಹದವೂ ಬೇಕು. ಹದ ತಪ್ಪಿದಲ್ಲಿ ಎಷ್ಟು ಪೊಟ್ಟಣ ಸುರಿದರೂ ದರಕು ದರಕಾಗಿಯೇ ಉಳಿಯುತ್ತದೆ.

ಎಲೆ, ಹುಲ್ಲು, ಸೋಗೆ, ಸಿಪ್ಪೆ, ಕಟ್ಟಿಗೆ ಇವೆಲ್ಲದರ ಮೈಕಟ್ಟು ಸೆಲ್ಯುಲೋಸ್ ಎಂಬ ವಸ್ತುವಿನದು. ಫ್ರಾನ್ಸಿನ ರಸಾಯನ ವಿಜ್ಞಾನಿ ಆನ್ಸೆಲ್ಮ್ ಪಾಯೆನ್ 1838ರಲ್ಲಿ ಇದನ್ನು ಸಸ್ಯಗಳಿಂದ ಬೇರ್ಪಡಿಸಿ ಗುರುತಿಸಿದ. ಭೂಮಿಯ ಮೇಲೆ ಜೀವಿಗಳು ತಯಾರಿಸುವ ವಸ್ತುಗಳಲ್ಲಿ ಇದರಷ್ಟು ಹೇರಳವಾದದ್ದು ಬೇರೊಂದಿಲ್ಲ. ಶುದ್ಧ ಹತ್ತಿಯ ನೂಲಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತಲೂ ಹೆಚ್ಚು ಇರುವುದು ಇದೇ. ವಿಚಿತ್ರವೆಂದರೆ ಅಕ್ಕಿಯ ಪಿಷ್ಟವೂ ಹುಲ್ಲಿನ ಸೆಲ್ಯುಲೋಸೂ ಒಂದೇ ಸಕ್ಕರೆಯಿಂದ, ಅಂದರೆ ಗ್ಲೂಕೋಸಿನಿಂದ, ಕಟ್ಟಿದ ಸರಪಳಿಗಳು. ವ್ಯತ್ಯಾಸವಿರುವುದು ಕೊಂಡಿ ಬೆಸೆದ ರೀತಿಯಲ್ಲಿ. ಪಿಷ್ಟದ ಕೊಂಡಿಯನ್ನು ಮನುಷ್ಯನ ಜೊಲ್ಲು ಬಾಯಿಯಲ್ಲಿಯೇ ಬಿಡಿಸತೊಡಗುತ್ತದೆ. ಸೆಲ್ಯುಲೋಸಿನ ಕೊಂಡಿಯನ್ನು ಬಿಡಿಸುವ ಶಕ್ತಿ ಮನುಷ್ಯನಿಗಿಲ್ಲ. ಆದ್ದರಿಂದಲೇ ಅದೇ ಗದ್ದೆಯ ಅಕ್ಕಿ ಮನೆಯೊಳಕ್ಕೂ ಹುಲ್ಲು ಕೊಟ್ಟಿಗೆಗೂ ಹೋಗುತ್ತದೆ. ಹಸುವಿಗೂ ಸ್ವಂತ ಶಕ್ತಿಯಿಂದ ಹುಲ್ಲು ಅರಗದು. ಅದರ ಹೊಟ್ಟೆಯೊಳಗೆ ವಾಸವಾಗಿರುವ ಸೂಕ್ಷ್ಮಜೀವಿಗಳೇ ಆ ಕೆಲಸ ಮಾಡಿಕೊಡುವುದು.

ಸೆಲ್ಯುಲೋಸನ್ನು ಕಡಿಯುವ ಕಿಣ್ವಗಳಿಗೆ ಒಟ್ಟಾಗಿ ಸೆಲ್ಯುಲೇಸ್ ಎಂಬ ಹೆಸರು. ಇವು ಮುಖ್ಯವಾಗಿ ಮೂರು ಬಗೆಯವು. ಮೊದಲನೆಯದು ಸರಪಳಿಯನ್ನು ನಡುನಡುವೆ ಕಡಿದು ತುಂಡರಿಸುತ್ತದೆ. ಎರಡನೆಯದು ತುಂಡುಗಳ ತುದಿ ಹಿಡಿದು ಜೋಡಿಜೋಡಿಯಾಗಿ ಸಕ್ಕರೆಯನ್ನು ಬಿಡಿಸಿಕೊಂಡು ಹೋಗುತ್ತದೆ. ಮೂರನೆಯದು ಆ ಜೋಡಿಯನ್ನು ಒಡೆದು ಬಿಡಿ ಗ್ಲೂಕೋಸ್ ಮಾಡುತ್ತದೆ. ಮೂವರು ಆಳುಗಳ ಈ ಕೆಲಸದಲ್ಲಿ ಕೊನೆಯವನು ಹಿಂದೆ ಬಿದ್ದರೆ ಜೋಡಿ ಸಕ್ಕರೆ ರಾಶಿಬಿದ್ದು ಮೊದಲಿನವರ ಕೈಯನ್ನೂ ಕಟ್ಟಿಹಾಕುತ್ತದೆ.

ಕಿಣ್ವವೆಂಬುದು ಒಂದು ಪ್ರೋಟೀನು. ಉದ್ದನೆಯ ದಾರವೊಂದು ನಿರ್ದಿಷ್ಟ ರೀತಿಯಲ್ಲಿ ಮಡಚಿಕೊಂಡು ಆದ ಉಂಡೆ ಅದು. ಸೆಲ್ಯುಲೋಸಿನ ಎಳೆ ಬಂದು ಕೂರುವ ಸೀಳು ಆ ಮಡಿಕೆಯಲ್ಲಿದೆ. ಬಿಸಿ ಹೆಚ್ಚಿದಂತೆ ಅಣುಗಳ ಚಲನೆ ಹೆಚ್ಚಿ ಕೆಲಸ ಚುರುಕಾಗುತ್ತದೆ. ಸ್ಥೂಲವಾಗಿ, ಹತ್ತು ಡಿಗ್ರಿ ಏರಿದಾಗ ವೇಗ ಸರಿಸುಮಾರು ಇಮ್ಮಡಿಯಾಗುತ್ತದೆ. ಆದರೆ ಒಂದು ಮಿತಿ ದಾಟಿದೊಡನೆ ಮಡಿಕೆಯೇ ಬಿಚ್ಚಿಕೊಳ್ಳುತ್ತದೆ. ಬೇಯಿಸಿದ ಮೊಟ್ಟೆ ಮತ್ತೆ ಹಸಿಯಾಗದಂತೆ, ಬಿಚ್ಚಿಹೋದ ಕಿಣ್ವವೂ ಸಾಮಾನ್ಯವಾಗಿ ಮರಳಿ ಮಡಚಿಕೊಳ್ಳದು. ಹುಳಿಯ ವಿಷಯವೂ ಹೀಗೆಯೇ. ಸೀಳಿನ ಒಳಗೆ ಕತ್ತರಿಯಂತೆ ಕೆಲಸ ಮಾಡುವ ಎರಡು ಆಮ್ಲದ ತುದಿಗಳಿವೆ. ಅನೇಕ ಸೆಲ್ಯುಲೇಸ್‌ಗಳಲ್ಲಿ ಇವುಗಳಲ್ಲೊಂದು ಜಲಜನಕದ ಕಣವನ್ನು ಹಿಡಿದಿರಬೇಕು, ಇನ್ನೊಂದು ಬಿಟ್ಟಿರಬೇಕು. ಸುತ್ತಲಿನ ನೀರು ಅತಿ ಹುಳಿಯಾದರೆ ಎರಡೂ ಹಿಡಿದುಕೊಳ್ಳುತ್ತವೆ, ಅತಿ ಕ್ಷಾರವಾದರೆ ಎರಡೂ ಬಿಟ್ಟುಬಿಡುತ್ತವೆ. ಕತ್ತರಿಯ ಎರಡು ಅಲಗುಗಳು ಎದುರುಬದುರಾಗಿ ಇರುವುದು ನಡುವಿನ ಹದದಲ್ಲಿ ಮಾತ್ರ.

ಈ ಹದದ ಮಾತು ಮಲೆನಾಡಿನ ಗೃಹಿಣಿಯರಿಗೆ ಹೊಸದೇನಲ್ಲ. ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗದು. ಆರಿ ತಣ್ಣಗಾದ ಹಾಲಿಗೆ ಹಾಕಿದರೆ ಆಷಾಢದ ಚಳಿಯಲ್ಲಿ ಮಧ್ಯಾಹ್ನದವರೆಗೂ ನೀರುನೀರಾಗಿಯೇ ಇರುತ್ತದೆ. ಬೆರಳಿಟ್ಟರೆ ಹಿತವೆನ್ನಿಸುವ ಬಿಸಿ ಬೇಕೆಂದು ಯಾವ ಪುಸ್ತಕವನ್ನೂ ಓದದೆ ಅವರು ಬಲ್ಲರು. ಗೊಬ್ಬರಗುಂಡಿಗೆ ಮಾತ್ರ ಈ ತಿಳಿವಳಿಕೆ ಇಳಿದಿಲ್ಲ.

ಸೆಲ್ಯುಲೇಸಿನ ಆಧುನಿಕ ಅಧ್ಯಯನ ಆರಂಭವಾದದ್ದು ಒಂದು ಸೈನ್ಯದ ಗೋಳಿನಿಂದ. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ ಬೀಡುಬಿಟ್ಟ ಅಮೆರಿಕನ್ ಪಡೆಗಳ ಹತ್ತಿಯ ಡೇರೆಗಳು ಮಳೆ-ಸೆಕೆಯಲ್ಲಿ ಕೊಳೆತು ಹರಿದುಹೋಗುತ್ತಿದ್ದವು. ಸಾಲೊಮನ್ ದ್ವೀಪಸ್ತೋಮದ ಬೂಗನ್‌ವಿಲ್ ದ್ವೀಪದಲ್ಲಿ ಕೊಳೆತ ಡೇರೆಯ ಬಟ್ಟೆಯಿಂದ ಶಿಲೀಂಧ್ರವೊಂದನ್ನು ಬೇರ್ಪಡಿಸಲಾಯಿತು. ಎಲ್ವಿನ್ ರೀಸ್ ಮತ್ತು ಮೇರಿ ಮ್ಯಾಂಡೆಲ್ಸ್ ಎಂಬ ವಿಜ್ಞಾನಿಗಳು ಅಮೆರಿಕದ ನೇಟಿಕ್ ಪ್ರಯೋಗಾಲಯದಲ್ಲಿ ಅದರ ಮೇಲೆ ದಶಕಗಳ ಕಾಲ ದುಡಿದರು. ಬಟ್ಟೆ ಕೊಳೆಯುವುದನ್ನು ತಡೆಯಲೆಂದು ಹೊರಟ ಕೆಲಸ ಕೊನೆಗೆ ಸಸ್ಯದ ನಾರನ್ನು ಸಕ್ಕರೆಯಾಗಿಸುವ ವಿದ್ಯೆಯಾಗಿ ಬೆಳೆಯಿತು. ರೀಸ್ ಅವರ ಗೌರವಾರ್ಥ 1977ರಲ್ಲಿ ಆ ಶಿಲೀಂಧ್ರಕ್ಕೆ ಟ್ರೈಕೋಡರ್ಮಾ ರೀಸೀ ಎಂದು ನಾಮಕರಣವಾಯಿತು. ಇಂದು ಉದ್ಯಮಗಳಲ್ಲಿರುವ ಆ ಶಿಲೀಂಧ್ರದ ತಳಿಗಳೆಲ್ಲ ಆ ಒಂದು ಡೇರೆಯ ಚೂರಿನ ಸಂತತಿ. ಮಲೆನಾಡಿನ ತೋಟಗಳಲ್ಲಿ ರೋಗ ನಿಯಂತ್ರಣಕ್ಕೆಂದು ಬಳಸುವ ಟ್ರೈಕೋಡರ್ಮಾ ವಿರಿಡೆ, ಟ್ರೈಕೋಡರ್ಮಾ ಹಾರ್ಜಿಯಾನಮ್‌ಗಳು ಇದರ ದಾಯಾದಿಗಳು.

ಈ ಕಿಣ್ವದ ಬಲವನ್ನು ಅಳೆಯುವ ಪದ್ಧತಿಯನ್ನು 1987ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಕ್ರೋಡೀಕರಿಸಿ ಪ್ರಕಟಿಸಿದವರು ದೆಹಲಿಯ ಐಐಟಿಯ ಟಿ.ಕೆ. ಘೋಷ್. ಒಂದು ಸೆಂಟಿಮೀಟರ್ ಅಗಲ, ಆರು ಸೆಂಟಿಮೀಟರ್ ಉದ್ದದ ಸೋಸುಕಾಗದದ ಚೂರನ್ನು ಕಿಣ್ವದ ದ್ರಾವಣದಲ್ಲಿ ಒಂದು ತಾಸು ಇಟ್ಟು, ಎಷ್ಟು ಸಕ್ಕರೆ ಬಿಡುಗಡೆಯಾಯಿತೆಂದು ನೋಡುವ ಸರಳ ಕ್ರಮವದು. ಆಗ ಇರಬೇಕಾದ ರಸಸಾರ 4.8, ಉಷ್ಣತೆ 50 ಡಿಗ್ರಿ ಸೆಲ್ಸಿಯಸ್. ರಸಸಾರವೆಂದರೆ ಹುಳಿ-ಕ್ಷಾರಗಳ ಅಳತೆಗೋಲು. ಅದರಲ್ಲಿ 7 ಸಮಸ್ಥಿತಿ, ಕೆಳಗಿಳಿದಂತೆ ಹುಳಿ, ಮೇಲೇರಿದಂತೆ ಕ್ಷಾರ. ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು ವ್ಯತ್ಯಾಸ.

ಈ 50 ಡಿಗ್ರಿ ಎಂಬ ಅಂಕಿಯೇ ಗೊಂದಲದ ಮೂಲ. ತರಬೇತಿ ಶಿಬಿರಗಳಲ್ಲಿ, ಕರಪತ್ರಗಳಲ್ಲಿ ಇದು ಅರ್ಧಂಬರ್ಧವಾಗಿ ಹರಡಿ, ಗುಂಡಿ ಕಾವೇರಿದಾಗ ಟ್ರೈಕೋಡರ್ಮಾ ಹಾಕಿದರೆ ಚುರುಕಾಗಿ ಕೆಲಸ ಮಾಡುತ್ತದೆಂಬ ನಂಬಿಕೆ ಬೆಳೆದಿದೆ. ನಿಜಸ್ಥಿತಿ ಇದಕ್ಕೆ ವಿರುದ್ಧ. ಕಿಣ್ವಕ್ಕೆ 50 ಡಿಗ್ರಿ ಹಿತವಾದರೂ ಆ ಕಿಣ್ವವನ್ನು ಸ್ರವಿಸುವ ಶಿಲೀಂಧ್ರಕ್ಕೆ ಹಿತವಾದದ್ದು 25ರಿಂದ 30 ಡಿಗ್ರಿ. ಐವತ್ತರಲ್ಲಿ ಅದು ಬೆಳೆಯಲಾರದು. ಪ್ರಯೋಗಾಲಯದಲ್ಲಿ ಶಿಲೀಂಧ್ರವನ್ನು ತಂಪಿನಲ್ಲಿ ಬೆಳೆಸಿ, ಕಿಣ್ವವನ್ನು ಸೋಸಿಕೊಂಡು, ಅದನ್ನು ಮಾತ್ರ ಬಿಸಿಯಲ್ಲಿಡುತ್ತಾರೆ. ಗುಂಡಿಯಲ್ಲಿ ಹಾಗೆ ಬೇರ್ಪಡಿಸಲು ಬರುವುದಿಲ್ಲ. ಅಲ್ಲದೆ ಆ ಐವತ್ತು ಡಿಗ್ರಿ ಒಂದು ತಾಸಿನ ಪರೀಕ್ಷೆಯ ಲೆಕ್ಕ. ಒಂದು ತಾಸು ಅತಿವೇಗವಾಗಿ ದುಡಿಯುವ ಉಷ್ಣತೆಯಲ್ಲಿ ಕಿಣ್ವ ಹತ್ತು ದಿನ ಬಾಳುತ್ತದೆಂದು ಹೇಳಲಾಗದು. ಹೀಗೆ ಕಾವೇರಿದ ರಾಶಿಗೆ ಸುರಿದ ಪೊಟ್ಟಣ, ಕುದಿಯುವ ಹಾಲಿಗೆ ಹಾಕಿದ ಹೆಪ್ಪಿನಂತೆ ಸತ್ತುಹೋಗುತ್ತದೆ. ಹಣ ಕೊಟ್ಟವನಿಗೆ ಅದು ತಿಳಿಯುವುದೂ ಇಲ್ಲ.

ಹಾಗಾದರೆ ಕಾವೇರಿದ ರಾಶಿಯಲ್ಲಿ ಕೆಲಸ ನಡೆಸುವವರಾರು? ಅದಕ್ಕೆ ಬೇರೆಯದೇ ತಂಡವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಮೇಶ್ ಮಹೇಶ್ವರಿಯವರು ಉಷ್ಣಪ್ರಿಯ ಶಿಲೀಂಧ್ರಗಳ ಮೇಲೆ ದೀರ್ಘಕಾಲ ಅಧ್ಯಯನ ನಡೆಸಿದರು. ಅವರ ತಂಡ 2000ರಲ್ಲಿ ಪ್ರಕಟಿಸಿದ ವಿಮರ್ಶಾಲೇಖನ ಆ ಕ್ಷೇತ್ರದವರು ಇಂದಿಗೂ ತಿರುವಿಹಾಕುವ ಬರಹ. ಈ ಶಿಲೀಂಧ್ರಗಳು 50 ಡಿಗ್ರಿಯಲ್ಲಿಯೂ ಬೆಳೆಯಬಲ್ಲವು. 20 ಡಿಗ್ರಿಗಿಂತ ಕೆಳಗೆ ಬೆಳೆಯಲಾರವು. ಸುಮಾರು 60 ಡಿಗ್ರಿ ದಾಟಿದರೆ ಇವೂ ಹಿಂದೆ ಸರಿದು ಉಷ್ಣಪ್ರಿಯ ಬ್ಯಾಕ್ಟೀರಿಯಾಗಳು ಮಾತ್ರ ಉಳಿಯುತ್ತವೆ. ಇವುಗಳನ್ನು ಯಾರೂ ಪೇಟೆಯಿಂದ ತರಬೇಕಾಗಿಲ್ಲ. ಸಗಣಿಯಲ್ಲಿ, ಹಳೆಯ ಗೊಬ್ಬರದಲ್ಲಿ, ಬೆಟ್ಟದ ದರಕಿನಡಿಯ ಮಣ್ಣಿನಲ್ಲಿ ಇವುಗಳ ಬೀಜ ಸದಾ ಕಾದು ಕೂತಿರುತ್ತದೆ.

ಹುಳಿಯ ಹದ ಎಲ್ಲ ಜೀವಿಗಳಿಗೂ ಒಂದೇ ಅಲ್ಲ. ಶಿಲೀಂಧ್ರಗಳ ಸೆಲ್ಯುಲೇಸ್‌ಗಳಿಗೆ ಸಾಮಾನ್ಯವಾಗಿ 4ರಿಂದ 6ರ ನಡುವಿನ ಹುಳಿ ಒಗ್ಗುತ್ತದೆ. ಬ್ಯಾಕ್ಟೀರಿಯಾಗಳವು ಬಹುಮಟ್ಟಿಗೆ 6ರಿಂದ 8ರ ಆಸುಪಾಸಿನಲ್ಲಿ ದುಡಿಯುತ್ತವೆ. ಕ್ಷಾರದಲ್ಲಿಯೇ ಕೆಲಸ ಮಾಡುವ ಬ್ಯಾಸಿಲಸ್ ಜಾತಿಯ ಕಿಣ್ವಗಳನ್ನು 1980ರ ದಶಕದಿಂದೀಚೆಗೆ ಬಟ್ಟೆ ಒಗೆಯುವ ಪುಡಿಗಳಲ್ಲಿಯೂ ಸೇರಿಸುತ್ತಿದ್ದಾರೆ. ಹತ್ತಿ ಬಟ್ಟೆಯ ಮೇಲೆದ್ದ ಜುಂಗನ್ನು ಅವು ಸವರಿಹಾಕುತ್ತವೆ. ಮಲೆನಾಡಿನ ಕೆಂಪು ಮಣ್ಣು, ಜಂಬಿಟ್ಟಿಗೆ ಮಣ್ಣು ಮಳೆಯಲ್ಲಿ ಸುಣ್ಣದಂಶ ತೊಳೆದುಹೋಗಿ ಬಹುಪಾಲು ಹುಳಿಯಾಗಿಯೇ ಇವೆ. ಹಾಗಿದ್ದರೂ ಕಾನಿನಲ್ಲಿ ಬಿದ್ದ ಎಲೆ ಕೊಳೆಯದೆ ಉಳಿದಿಲ್ಲ. ಅಲ್ಲಿ ಮುಂದಾಳುಗಳು ಶಿಲೀಂಧ್ರಗಳು. ಮುಂಗಾರಿನ ಮೊದಲ ವಾರಗಳಲ್ಲಿ ದರಕು ಕೆದಕಿದರೆ ಎಲೆಯಿಂದ ಎಲೆಗೆ ಹಬ್ಬಿದ ಬಿಳಿಯ ಎಳೆಗಳು ಬರಿಗಣ್ಣಿಗೇ ಕಾಣುತ್ತವೆ. ಆದ್ದರಿಂದ ಮಣ್ಣು ಹುಳಿ ಎಂದೊಡನೆ ದರಕಿನ ರಾಶಿಗೂ ಸುಣ್ಣ ಎರಚುವ ರೂಢಿಗೆ ಶಾಸ್ತ್ರದ ಬೆಂಬಲವಿಲ್ಲ. ತೋಟದ ಮಣ್ಣಿಗೆ ಪರೀಕ್ಷೆ ಮಾಡಿಸಿ ಸುಣ್ಣ ಕೊಡುವುದು ಬೇರೆಯ ಮಾತು.

ಹುಳಿ ಮಿತಿಮೀರಿದಾಗ ಏನಾಗುತ್ತದೆಂಬುದನ್ನು ಕೊಟ್ಟಿಗೆಯಲ್ಲಿಯೇ ನೋಡಬಹುದು. ಹಸುವಿನ ಮೊದಲ ಹೊಟ್ಟೆ ಸುಮಾರು 39 ಡಿಗ್ರಿಯ, 6ರಿಂದ 7ರ ರಸಸಾರದ ಒಂದು ಹುದುಗು ತೊಟ್ಟಿ. ಬಿಸಿಯನ್ನು ಹಸುವಿನ ಮೈ ಕಾಯ್ದುಕೊಳ್ಳುತ್ತದೆ. ಹುಳಿಯನ್ನು ಕಾಯ್ದುಕೊಳ್ಳುವುದು ಜೊಲ್ಲು. ಅದರಲ್ಲಿ ಅಡುಗೆಸೋಡಾದಂಥ ಕ್ಷಾರವಿದ್ದು, ದೊಡ್ಡ ತಳಿಯ ಹಸುವೊಂದು ದಿನಕ್ಕೆ 100 ಲೀಟರಿಗೂ ಹೆಚ್ಚು ಜೊಲ್ಲು ಸುರಿಸಿ ನುಂಗುತ್ತದೆ. ಒರಟು ಹುಲ್ಲು ಹೆಚ್ಚಿದಷ್ಟೂ ಮೆಲುಕು ಹೆಚ್ಚು, ಮೆಲುಕು ಹೆಚ್ಚಿದಷ್ಟೂ ಜೊಲ್ಲು ಹೆಚ್ಚು. ಮದುವೆಮನೆಯಲ್ಲಿ ಉಳಿದ ಅನ್ನ-ಪಾಯಸವನ್ನು ಪ್ರೀತಿಯಿಂದ ಬಕೆಟ್‌ಗಟ್ಟಲೆ ಹಾಕಿದ ಮರುದಿನ ಹಸು ಹೊಟ್ಟೆ ಉಬ್ಬರಿಸಿಕೊಂಡು, ಮೆಲುಕು ನಿಲ್ಲಿಸಿ, ತಲೆ ಬಗ್ಗಿಸಿ ನಿಲ್ಲುವುದು ಅನೇಕರ ಅನುಭವದಲ್ಲಿದೆ. ಪಿಷ್ಟ ಬೇಗನೆ ಹುದುಗಿ ಆಮ್ಲವಾಗಿ ರಸಸಾರ 6ಕ್ಕಿಂತ ಕೆಳಗಿಳಿದೊಡನೆ ನಾರು ಕಡಿಯುವ ಬ್ಯಾಕ್ಟೀರಿಯಾಗಳು ಕೈಚೆಲ್ಲುತ್ತವೆ. ಐದಕ್ಕಿಂತ ಕೆಳಗಿಳಿದರೆ ಪ್ರಾಣಾಪಾಯವೇ ಉಂಟು. ಪಶುವೈದ್ಯರು ಸೋಡಾ ಕುಡಿಸುವುದು ಈ ಹದವನ್ನು ಮರಳಿ ತರಲಿಕ್ಕಾಗಿ.

ಗೊಬ್ಬರದ ರಾಶಿಯೂ ಇಂಥದೊಂದು ಹೊಟ್ಟೆಯೇ. ಹಸಿಸೊಪ್ಪು, ಸಗಣಿ, ದರಕು ಸೇರಿಸಿ ಪೇರಿಸಿದ ಮೊದಲ ಎರಡು-ಮೂರು ದಿನಗಳಲ್ಲಿ ಸುಲಭದ ಸಕ್ಕರೆಗಳು ಹುದುಗಿ ರಾಶಿ ಹುಳಿಯಾಗುತ್ತದೆ. ರಸಸಾರ 5ರ ಹತ್ತಿರಕ್ಕೂ ಇಳಿಯುವುದುಂಟು. ಗಾಳಿಯಾಡುತ್ತಿದ್ದರೆ ಆ ಆಮ್ಲಗಳನ್ನೇ ತಿನ್ನುವ ಜೀವಿಗಳು ಬರುತ್ತವೆ, ಕಾವೇರುತ್ತದೆ. ವಾರದೊಳಗೆ 55-60 ಡಿಗ್ರಿ ತಲುಪಿ, ಪ್ರೋಟೀನುಗಳು ಒಡೆದು ಅಮೋನಿಯಾ ಬಿಡುಗಡೆಯಾಗಿ ರಸಸಾರ 8ರವರೆಗೆ ಏರುತ್ತದೆ. ಕಾವು ಇಳಿಯುತ್ತ ಬಂದು ಸಮಸ್ಥಿತಿಯ ಹತ್ತಿರ ನಿಲ್ಲುತ್ತದೆ. ಈ ನಾಟಕದ ಒಂದೊಂದು ಅಂಕಕ್ಕೂ ಬೇರೆಬೇರೆ ಪಾತ್ರಧಾರಿಗಳು. ಮೊದಲ ದಿನವೇ ಹುಳಿ ವಾಸನೆ ಬಂತೆಂದು ಸುಣ್ಣ ಸುರಿದವರು ನಡುವಿನ ಅಂಕವನ್ನು ಕೆಡಿಸುತ್ತಾರೆ. ಕ್ಷಾರ ಹೆಚ್ಚಿದಾಗ ಸಾರಜನಕ ಅಮೋನಿಯಾ ಅನಿಲವಾಗಿ ಗಾಳಿಗೆ ಹಾರಿಹೋಗುತ್ತದೆ. ಮೂಗಿಗೆ ಘಾಟು ಬಡಿಯುವುದು ಅದೇ. ಸಗಣಿ ಹೊತ್ತು ತಂದ ಶ್ರಮವೆಲ್ಲ ಆ ಘಾಟಿನೊಂದಿಗೆ ಹೋದಂತೆ.

ಆದರೆ ಹುಳಿ ವಾಸನೆ ವಾರವಾದರೂ ಹೋಗದೆ, ರಾಶಿ ತಣ್ಣಗೆ ಜಿಗುಟಾಗಿಯೇ ಉಳಿದರೆ ತೊಂದರೆ ಇದೆಯೆಂದೇ ಅರ್ಥ. ಆ ತೊಂದರೆಯ ಹೆಸರು ಸುಣ್ಣದ ಕೊರತೆಯಲ್ಲ, ಗಾಳಿಯ ಕೊರತೆ. ಬಯಲುಸೀಮೆಯ ಕೈಪಿಡಿ ಹೇಳಿದಂತೆ ಮೂರಡಿ ಆಳದ ಗುಂಡಿ ತೋಡುವುದು ಮಲೆನಾಡಿನ ಮಳೆಗೆ ಹೇಳಿಸಿದ್ದಲ್ಲ. ಜೂನ್ ಕಳೆಯುವುದರೊಳಗೆ ಆ ಗುಂಡಿ ಕೆರೆಯಾಗುತ್ತದೆ. ನೀರಿನಡಿ ಗಾಳಿಯಿಲ್ಲದೆ ಆಮ್ಲಗಳು ಅಲ್ಲಿಯೇ ಉಳಿದು ಕೆಲಸ ನಿಲ್ಲುತ್ತದೆ. ಗುಂಡಿ ಬೇಸಿಗೆಗೆ ಸರಿ, ಅದು ತೇವ ಕಾಯುತ್ತದೆ. ಮಳೆಗಾಲಕ್ಕೆ ನೆಲದ ಮೇಲೆ ಎತ್ತರಿಸಿದ ರಾಶಿಯೇ ಬೇಕು. ಮೇಲೆ ಸೋಗೆಯ ಮಾಡು ಇರಬೇಕು. ಹಿಂದಿನವರ ಗೊಬ್ಬರದ ಗುಂಡಿಗಳು ಕೊಟ್ಟಿಗೆಯ ಸೂರಿನಡಿಯೇ ಇರುತ್ತಿದ್ದುದಕ್ಕೆ ಕಾರಣ ಬರಿಯ ಅನುಕೂಲವಲ್ಲ.

ಇನ್ನು ಅಡಿಕೆ ಸಿಪ್ಪೆ. ‘ಕೊಳೆಯುವುದಿಲ್ಲ’ ಎಂಬ ಅಪವಾದ ಇದಕ್ಕೆ ಅಂಟಿದ್ದು ಪೂರ್ತಿ ಸುಳ್ಳೇನಲ್ಲ. ಸಿಪ್ಪೆಯಲ್ಲಿ ಸೆಲ್ಯುಲೋಸಿನ ಎಳೆಗಳಿಗೆ ಲಿಗ್ನಿನ್ ಎಂಬ ಗಟ್ಟಿ ಗಾರೆಯ ಹೊದಿಕೆಯಿದೆ. ಸೆಲ್ಯುಲೇಸ್ ಎಷ್ಟೇ ಹದದಲ್ಲಿದ್ದರೂ ಗಾರೆ ಒಡೆಯದೆ ಅದಕ್ಕೆ ಎಳೆ ಸಿಗದು. ಈ ಗಾರೆಯನ್ನು ಒಡೆಯುವವರಲ್ಲಿ ಮುಖ್ಯರು ಮರದ ದಿಮ್ಮಿಯ ಮೇಲೆ ಬೆಳೆಯುವ ಅಣಬೆಗಳ ಕುಲದವರು. ಅವರಿಗೆ ತಂಪು, ಗಾಳಿ, ತುಸು ಹುಳಿ ಬೇಕು. ಕಾವೇರಿದ ರಾಶಿಯಲ್ಲಿ ಅವರು ನಿಲ್ಲರು. ಜೊತೆಗೆ ಸಿಪ್ಪೆಯಲ್ಲಿ ಇಂಗಾಲ ಅತಿ ಹೆಚ್ಚು, ಸಾರಜನಕ ಅತಿ ಕಡಿಮೆ. ಕಿಣ್ವವೆಂದರೆ ಪ್ರೋಟೀನು, ಪ್ರೋಟೀನಿಗೆ ಸಾರಜನಕ ಬೇಕೇ ಬೇಕು. ಬರಿಯ ಸಿಪ್ಪೆಯನ್ನು ರಾಶಿ ಹಾಕುವುದೆಂದರೆ ಆಳುಗಳಿಗೆ ಊಟ ಹಾಕದೆ ಕೆಲಸಕ್ಕೆ ಕಳಿಸಿದಂತೆ. ಮೂರನೆಯದಾಗಿ, ಒಣಸಿಪ್ಪೆಯ ರಾಶಿಯ ಮೇಲೆ ಸುರಿದ ಮಳೆಯ ಬಹುಪಾಲು ಜಾರಿ ಹರಿದುಹೋಗುತ್ತದೆ, ಒಳಭಾಗ ವರ್ಷಗಟ್ಟಲೆ ಒಣಗಿಯೇ ಇರುತ್ತದೆ. ತೊಯ್ದ ಹೊರಭಾಗದ ಕಪ್ಪು ನೀರು ಹಳ್ಳಕ್ಕೆ ಇಳಿಯುತ್ತದೆ. ರಸ್ತೆಯಂಚಿನ ರಾಶಿಗಳ ಕಥೆ ಇಷ್ಟೇ.

ಇದಕ್ಕೆ ಕ್ರಮವಿದೆ, ಆದರೆ ಅವಸರಕ್ಕೆ ಬಗ್ಗದು. ಸುಲಿದ ಸಿಪ್ಪೆಯನ್ನು ಮೊದಲು ಚೆನ್ನಾಗಿ ನೆನೆಸಬೇಕು, ಸಗಣಿ ಬಗ್ಗಡದಲ್ಲಾದರೆ ಇನ್ನೂ ಒಳ್ಳೆಯದು. ಗೊಬ್ಬರದ ಗಿಡದ ಸೊಪ್ಪನ್ನು, ಅಂದರೆ ಗ್ಲಿರಿಸೀಡಿಯಾವನ್ನು, ಪದರಪದರವಾಗಿ ನಡುವೆ ಹಾಕಬೇಕು. ಹಿಂಡಿದರೆ ಬೆರಳು ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಕಾವೇರಿ ಇಳಿದ ಮೇಲೆ, ಒಳಗೆ ಕೈಯಿಟ್ಟರೆ ಬೆಚ್ಚಗಷ್ಟೇ ಎನಿಸುವಾಗ, ಟ್ರೈಕೋಡರ್ಮಾ ಪೊಟ್ಟಣ ಬಳಸುವವರು ಬಳಸಲಿ. ಬೆಟ್ಟದ ದರಕಿನಡಿಯ ಬಿಳಿ ಎಳೆ ಹಬ್ಬಿದ ಮಣ್ಣನ್ನು ಎರಡು ಬುಟ್ಟಿ ತಂದು ಬೆರೆಸಿದರೂ ಆದೀತು. ಸೋಗೆ-ಹಾಳೆಗಳನ್ನು ಎರೆಹುಳುವಿನಿಂದ ಗೊಬ್ಬರವಾಗಿಸುವ ಕ್ರಮವನ್ನು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ವಿಟ್ಲದ ತಮ್ಮ ಕೇಂದ್ರದಲ್ಲಿ ಬಹಳ ಹಿಂದೆಯೇ ರೂಪಿಸಿಕೊಟ್ಟಿದ್ದಾರೆ. ಅಲ್ಲಿಯೂ ಎರೆಹುಳು ಬಿಡುವುದು ಕಾವು ಇಳಿದ ನಂತರವೇ.

ತೋಟಿಗರು ಕೇಳಲು ಇಷ್ಟಪಡದ ಮಾತೊಂದನ್ನೂ ಇಲ್ಲಿ ಹೇಳಬೇಕಾಗಿದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು 1910ರ ಸುಮಾರಿಗೆ ಬಳಕೆಗೆ ತಂದರು. ಅದು ಅಡಿಕೆ ಬೆಳೆಯನ್ನು ಉಳಿಸಿದ್ದು ನಿರ್ವಿವಾದ. ಆದರೆ ಒಂದು ಕಿಲೋ ಮೈಲುತುತ್ತಿನಲ್ಲಿ ಸುಮಾರು 250 ಗ್ರಾಂ ತಾಮ್ರವಿದೆ. ತಾಮ್ರ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಪ್ರತಿ ಮಳೆಗಾಲದ ಎರಡು-ಮೂರು ಸಿಂಪರಣೆಯ ತಾಮ್ರ ತೋಟದ ಮೇಲ್ಮಣ್ಣಿನಲ್ಲಿಯೇ ಸಂಗ್ರಹವಾಗುತ್ತ ಹೋಗುತ್ತದೆ. ಸುಣ್ಣ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಮಣ್ಣು ಮತ್ತೆ ಹುಳಿಯಾದಾಗ ಕರಗಿ ಹೊರಬರುತ್ತದೆ. ಶಿಲೀಂಧ್ರವನ್ನು ಕೊಲ್ಲಲೆಂದೇ ಸಿಂಪಡಿಸಿದ ವಸ್ತು ರೋಗದ ಶಿಲೀಂಧ್ರ ಯಾವುದು, ಎಲೆ ಕೊಳೆಸುವ ಶಿಲೀಂಧ್ರ ಯಾವುದೆಂದು ಕೇಳಿ ಕೊಲ್ಲುವುದಿಲ್ಲ. ಬುಡಕ್ಕೆ ಟ್ರೈಕೋಡರ್ಮಾ ಕೊಟ್ಟ ವಾರವೇ ಮೇಲಿನಿಂದ ಬೋರ್ಡೋ ಸುರಿದು, ಎರಡಕ್ಕೂ ರಸೀದಿ ಇಟ್ಟುಕೊಂಡ ತೋಟಿಗರು ಅನೇಕರಿದ್ದಾರೆ. ದ್ರಾವಣವನ್ನು ಬಿಟ್ಟುಬಿಡಿ ಎನ್ನುವುದು ಇಂದು ಪ್ರಾಯೋಗಿಕವಲ್ಲ. ಗೊನೆಗೆ ಮಾತ್ರ ತಾಗುವಂತೆ, ಬೇಕಾದಷ್ಟೇ ಹೊಡೆಯುವುದು, ಗೊಬ್ಬರದ ರಾಶಿಯನ್ನು ಸಿಂಪರಣೆಯ ಹನಿ ಬೀಳದ ಕಡೆ ಇಡುವುದು ಸಾಧ್ಯವಿದೆ.

ಬೆಟ್ಟದ ಬೆಂಕಿಗೆ ಬಂದರೆ, ಅದರ ಲೆಕ್ಕ ಇನ್ನೂ ಕಠೋರ. ಉತ್ತರ ಕನ್ನಡದ ಘಟ್ಟದ ಮೇಲಿನ ಸೀಮೆಯಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಹಕ್ಕು ದೊರೆತದ್ದು ಸೊಪ್ಪು-ದರಕು ಗೊಬ್ಬರವಾಗಿ ತೋಟಕ್ಕೆ ಇಳಿಯಲೆಂದು. ದರಕಿಗೆ ಬೆಂಕಿ ಬಿದ್ದಾಗ ಸುಮಾರು 200 ಡಿಗ್ರಿ ದಾಟಿದಲ್ಲೆಲ್ಲ ಸಾರಜನಕ ಅನಿಲವಾಗಿ ಹೋಗುತ್ತದೆ, ಇಂಗಾಲ ಹೊಗೆಯಾಗುತ್ತದೆ. ಉಳಿದ ಬೂದಿಯ ರಸಸಾರ 10ರ ಸುತ್ತಮುತ್ತ ಅಥವಾ ಅದಕ್ಕೂ ಮೇಲೆ. ಹುಳಿಯಲ್ಲಿ ದುಡಿಯುವ ಶಿಲೀಂಧ್ರಗಳಿಗೆ ಇದು ಎರಡನೆಯ ಪೆಟ್ಟು. ಬೂದಿಯ ಪೊಟ್ಯಾಷ್ ಒಳ್ಳೆಯದೇ, ಆದರೆ ಇಳಿಜಾರಿನಲ್ಲಿ ಮೊದಲ ಅಡ್ಡಮಳೆಗೇ ಅದು ಹಳ್ಳ ಸೇರಿರುತ್ತದೆ. ಬೆಂಕಿಯ ಮರುವರ್ಷ ಬಂದ ಹಸುರು ಹುಲ್ಲನ್ನು ತೋರಿಸಿ ವಾದಿಸುವವರು ಐದನೆಯ ವರ್ಷದ ಕರಡವನ್ನೂ ಬೋಳು ಜಂಬಿಟ್ಟಿಗೆಯನ್ನೂ ತೋರಿಸಬೇಕು. ದರಕು ಮಾಘದಿಂದ ಚೈತ್ರದವರೆಗೆ ಕೊಳೆಯದೆ ಬಿದ್ದಿರುವುದು ನಿಜ. ಆಗ ಬಿಸಿಯಿದೆ, ಹುಳಿಯ ಹದವಿದೆ, ನೀರೊಂದಿಲ್ಲ. ಕಿಣ್ವ ನೀರಿನಲ್ಲಲ್ಲದೆ ಕೆಲಸ ಮಾಡದು. ಮರದ ನೆರಳಿದ್ದು ದರಕಿನ ಹೊದಿಕೆಯಿದ್ದ ನೆಲ ಒಂದೆರಡು ಅಡ್ಡಮಳೆಯ ತೇವವನ್ನು ವಾರಗಟ್ಟಲೆ ಹಿಡಿದಿಡುತ್ತದೆ. ಸುಟ್ಟ ನೆಲದಲ್ಲಿ ಅದು ಎರಡು ದಿನಕ್ಕೆ ಆರುತ್ತದೆ.

ಹರಿಯಾಣದ ಪಾನಿಪತ್‌ನಲ್ಲಿ ಭತ್ತದ ಹುಲ್ಲಿನಿಂದ ಎಥೆನಾಲ್ ತೆಗೆಯುವ ಕಾರ್ಖಾನೆಯೊಂದನ್ನು 2022ರ ಆಗಸ್ಟ್‌ನಲ್ಲಿ ಉದ್ಘಾಟಿಸಲಾಯಿತು. ವೆಚ್ಚ 900 ಕೋಟಿ ರೂಪಾಯಿಗೂ ಹೆಚ್ಚು. ವರ್ಷಕ್ಕೆ ಸುಮಾರು 2 ಲಕ್ಷ ಟನ್ ಹುಲ್ಲಿನಿಂದ 3 ಕೋಟಿ ಲೀಟರ್ ಎಥೆನಾಲ್ ತೆಗೆಯುವ ಗುರಿಯನ್ನು ಆಗ ಸಾರಲಾಗಿತ್ತು. ಇಂಥ ಕಾರ್ಖಾನೆಗಳಲ್ಲಿ ಉಗಿ ಮತ್ತು ಆಮ್ಲದಿಂದ ಗಾರೆಯನ್ನು ಒಡೆದು, ಆರಿಸಿ, ಹುಳಿಯನ್ನು 5ರ ಹತ್ತಿರಕ್ಕೆ ತಂದು, ಐವತ್ತು ಡಿಗ್ರಿಯಲ್ಲಿ ಸೆಲ್ಯುಲೇಸ್ ಸುರಿಯುತ್ತಾರೆ. ಕಿಣ್ವದ ಬೆಲೆಯೇ ಅಲ್ಲಿನ ದೊಡ್ಡ ತಲೆನೋವುಗಳಲ್ಲೊಂದು. ಅದೇ ಕೆಲಸ ಬೆಟ್ಟದಲ್ಲಿ ಬಿಟ್ಟಿಯಾಗಿ ನಡೆಯುತ್ತಿದೆ. ಅದಕ್ಕೆ ಕಡ್ಡಿ ಗೀರದಿದ್ದರೆ ಸಾಕು.

ಶಾಲೆ-ಕಾಲೇಜುಗಳ ವಿದ್ಯಾರ್ಥಿಗಳಿಗೆ ಈ ಮಳೆಗಾಲಕ್ಕೊಂದು ಕೆಲಸ. ಹಳೆಯ, ಶುದ್ಧ ಹತ್ತಿಯ ಪಂಚೆಯೊಂದನ್ನು ಗಂಜಿ ಹೋಗುವಂತೆ ತೊಳೆದು, ಮೂರು ಬೆರಳಗಲ, ಒಂದು ಗೇಣುದ್ದದ ಪಟ್ಟಿಗಳಾಗಿ ಹರಿಯಬೇಕು. ಗಂಜಿ ಉಳಿದರೆ ಜೀವಿಗಳು ಮೊದಲು ಅದನ್ನೇ ತಿಂದು ಲೆಕ್ಕ ತಪ್ಪಿಸುತ್ತವೆ. ಮೊದಲ ಮಳೆ ಬಿದ್ದು ನೆಲ ನೆನೆದ ಮೇಲೆ ದರಕು ಉಳಿದ ಬೆಟ್ಟ, ಬೆಂಕಿ ಬಿದ್ದ ಬೆಟ್ಟ, ಅಕೇಸಿಯಾ ನೆಡುತೋಪು, ಬೋರ್ಡೋ ಹೊಡೆಯುವ ತೋಟ, ನೀರು ನಿಲ್ಲುವ ಗದ್ದೆಯಂಚು ಈ ಐದು ಕಡೆ ನಾಲ್ಕು ಬೆರಳಾಳದಲ್ಲಿ ಐದೈದು ಪಟ್ಟಿ ಹೂಳಿ ಗೂಟ ನೆಡಬೇಕು. ಅಂದೇ ಆ ಮಣ್ಣಿನ ಉಷ್ಣತೆಯನ್ನೂ, ರಸಾಯನಶಾಸ್ತ್ರದ ಕೊಠಡಿಯಿಂದ ತಂದ ಕಾಗದದಲ್ಲಿ ರಸಸಾರವನ್ನೂ ಗುರುತು ಹಾಕಿಕೊಳ್ಳಬೇಕು. ಮೂವತ್ತು ದಿನದ ನಂತರ ಪಟ್ಟಿಗಳನ್ನು ಮೆಲ್ಲಗೆ ಬಿಡಿಸಿ ತೆಗೆದು, ತೊಳೆದು, ನೆರಳಿನಲ್ಲಿ ಒಣಗಿಸಿ, ಒಂದು ತುದಿಯನ್ನು ಕಂಬಕ್ಕೆ ಕಟ್ಟಿ ಇನ್ನೊಂದು ತುದಿಗೆ ಚೀಲ ತೂಗುಹಾಕಿ, ಹರಿಯುವವರೆಗೆ ಒಂದೇ ಗಾತ್ರದ ಕಲ್ಲುಗಳನ್ನು ಹಾಕುತ್ತ ಎಣಿಸಬೇಕು. ಹೂಳದೆ ಮನೆಯಲ್ಲಿಟ್ಟ ಪಟ್ಟಿಗೂ ಇದೇ ಪರೀಕ್ಷೆಯಾಗಬೇಕು. ಕೆಲವು ಕಡೆ ಪಟ್ಟಿಯೇ ಸಿಗದೆ ಪಂಚೆಯ ಬಣ್ಣದ ಅಂಚು ಮಾತ್ರ ಸಿಕ್ಕೀತು. ಅಂಚಿನ ನೂಲು ಹತ್ತಿಯದಲ್ಲದಿದ್ದರೆ ಹಾಗಾಗುವುದು ಸಹಜ, ಅದನ್ನೂ ಬರೆಯಬೇಕು. ಶ್ರಾವಣ ಮುಗಿಯುವುದರೊಳಗೆ ಪತ್ರಿಕೆಯ ವಿಳಾಸಕ್ಕೆ ತಲುಪಿದ ಲೆಕ್ಕಗಳನ್ನು ಊರು, ಸ್ಥಳ ಮತ್ತು ಕಲ್ಲಿನ ಸಂಖ್ಯೆಯೊಂದಿಗೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಲಾಗುವುದು.